ಯಾರೂ ಫೋನ್ ಮಾಡಬಾರದ ನಂಬರು

ಮಾರ್ಚ್ 3

ಇವತ್ತಿನಿಂದ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಕಾರಣ ಇಷ್ಟೇ, ನನಗೆ ಮಾತಾಡಲು ಯಾರೂ ಇಲ್ಲ. ಮೊದಲೆಲ್ಲ ದಿನಾ ಸಂಜೆ ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ತಂಗಿಗೆ ಫೋನ್ ಮಾಡುತ್ತಿದ್ದೆ. ಅವಳ ಅತ್ತೆಯ ವಿಷಯ, ಪ್ಯಾಂಟು ಬಿಗಿಯಾಯಿತೆಂದು ಒಪ್ಪಿಕೊಳ್ಳದೆ ಜಿಪ್ ಸರಿಯಿಲ್ಲ ಎನ್ನುವ ನನ್ನ ಗಿರಾಕಿಗಳ ವಿಷಯ, ಹಾಳೂಮೂಳೂ ಎಲ್ಲ ಬರುತ್ತಿತ್ತು. ಅದನ್ನು ನಾನೇ ನಿಲ್ಲಿಸಿದೆ.

ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಇವರ ಹೆಸರು ಸೇರಿದ ದಿನ ಆಸ್ಪತ್ರೆಯ ಕಸಿ ವಿಭಾಗದ ಮೇಡಂ ಹೇಳಿದ್ದರು: "ನೋಡಮ್ಮ, ಕರೆ ಯಾವಾಗ ಬೇಕಾದ್ರೂ ಬರಬಹುದು. ಫೋನ್ ಆನ್ ಇರ್ಬೇಕು, ಎತ್ಬೇಕು. ನೀವು ಸಿಗ್ಲಿಲ್ಲ ಅಂದ್ರೆ ಕಾಯೋಕಾಗಲ್ಲ, ಮುಂದಿನವ್ರಿಗೆ ಹೋಗುತ್ತೆ."

ಮುಂದಿನವರಿಗೆ. ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ಮನೆಗೆ ಬಂದವಳೇ ತವರಿಗೆ, ತಂಗಿಗೆ, ಗಿರಾಕಿಗಳಿಗೆ ಎಲ್ಲರಿಗೂ ಹೇಳಿಬಿಟ್ಟೆ, ಈ ನಂಬರಿಗೆ ಇನ್ನು ಯಾರೂ ಫೋನ್ ಮಾಡಕೂಡದು. ಅವರು ಮಾಡಿದ ಹೊತ್ತಿಗೇ ಆಸ್ಪತ್ರೆಯಿಂದ ಬಂದು ಲೈನ್ ಬ್ಯುಸಿ ಬಂದರೆ? ತಂಗಿ ಮುನಿಸಿಕೊಂಡಳು. ಮುನಿಸಿಕೊಳ್ಳಲಿ.

ಎರಡನೆಯ ನಂಬರಾಗಿ ಮೈದುನನದು ಕೊಟ್ಟಿದ್ದೇನೆ. ರಾತ್ರಿ ಪಾಳಿಯ ಕೆಲಸ, ಹಗಲು ಮಲಗಿದರೆ ಕುಂಭಕರ್ಣ. ಇವರ ನಂಬರು ಬೇಡವೆಂದು ನಾನೇ ಹೊಡೆದುಹಾಕಿಸಿದೆ. ಇವರು ಎರಡು ಸಲ ಬಸ್ಸಿನಲ್ಲಿ ಫೋನ್ ಬಿಟ್ಟು ಬಂದವರು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ.

ಫೋನಿನ ಚಾರ್ಜ್ ತೊಂಬತ್ತೆಂಟು. ತಂತಿ ತೆಗೆದು ಇದನ್ನು ಬರೆಯುವಷ್ಟರಲ್ಲಿ ತೊಂಬತ್ತು.

ಮಾರ್ಚ್ 9

ಇವತ್ತು ಇವರಿಗೆ ಡಯಾಲಿಸಿಸ್ ಇತ್ತು. ಮಗಳು ಗುಬ್ಬಿ ಅದನ್ನು ಚಾರ್ಜಿಂಗ್ ಎನ್ನುತ್ತಾಳೆ. "ಅಪ್ಪಂಗೆ ಇವತ್ತು ಚಾರ್ಜಿಂಗ್, ಸಂಜೆ ಹೊತ್ತಿಗೆ ಫುಲ್ ಆಗ್ತಾರೆ" ಎಂದು ಶಾಲೆಯಲ್ಲೂ ಹೇಳಿದ್ದಾಳಂತೆ. ಫುಲ್ ಎಲ್ಲಿ ಬಂತು, ಬಂದವರು ಗೋಡೆ ಹಿಡಿದು ನಡೆಯುತ್ತಾರೆ. ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ನರ ಜೋಡಿಸಿದ ಎಡಗೈ ಮುಟ್ಟಿದರೆ ಒಳಗೆ ಸದಾ ಗುಂಯ್ ಎನ್ನುತ್ತಿರುತ್ತದೆ. ಅದಕ್ಕೂ ಅವಳದೊಂದು ಮಾತಿದೆ: "ಅಪ್ಪನ ಕೈ ವೈಬ್ರೇಟಲ್ಲಿದೆ."

ಊಟದ ಹೊತ್ತಿಗೆ ಇವರು ಮೆಲ್ಲಗೆ ಬಾಂಬು ಹಾಕಿದರು. "ಪರೀಕ್ಷೆ ಮುಗೀಲಿ, ಗುಬ್ಬೀನ ಥೀಮ್ ಪಾರ್ಕಿಗೆ ಕರ್ಕೊಂಡು ಹೋಗೋಣ. ಹೋದ ವರ್ಷವೇ ಮಾತು ಕೊಟ್ಟಿದ್ದೆ."

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಇಡೀ ದಿನ ಬಯಲಲ್ಲಿ, ಪ್ಲಗ್ ಎಲ್ಲಿರುತ್ತೆ?"

"ನಾನು ಪಾರ್ಕ್ ವಿಷಯ ಹೇಳ್ತಿದೀನಿ, ನೀನು ಪ್ಲಗ್ ವಿಷಯ ಹೇಳ್ತೀಯಲ್ಲೇ."

"ನಿಮ್ಮ ಪ್ರಾಣ ಇರೋದು ಆ ಪ್ಲಗ್ಗಲ್ಲೇ."

ಗುಬ್ಬಿ ತಟ್ಟೆ ನೋಡುತ್ತಾ ಕೂತಿದ್ದಳು. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ಹೂಂ ಎಂದೆ. ಡಯಾಲಿಸಿಸ್ ಇಲ್ಲದ ದಿನ, ಚಾರ್ಜಿನ ವ್ಯವಸ್ಥೆ ನಾನು ಹೇಳಿದ ಹಾಗೆ.

ಚಾರ್ಜ್ ನೂರು. ತಂತಿ ತೆಗೆದಿಲ್ಲ.

ಮಾರ್ಚ್ 16

ಪರೀಕ್ಷೆ ಮಗಳಿಗಲ್ಲ, ಫೋನಿಗೆ. ಬೆಳಿಗ್ಗೆ ತಂತಿ ತೆಗೆದು ಮೇಜಿನ ಮೇಲಿಟ್ಟು ಒಬ್ಬರೂ ಮುಟ್ಟಕೂಡದೆಂದು ಕಾವಲು ಕೂತೆ. ಮಧ್ಯಾಹ್ನದ ಅಡುಗೆ ಒಲೆಯ ಮೇಲಿರುವಾಗಲೇ ಸತ್ತುಹೋಯಿತು. ಯಾರೂ ಮುಟ್ಟಿರಲಿಲ್ಲ. ಸುಮ್ಮನೆ ಇದ್ದೇ ಸತ್ತಿತು.

ಮೈದುನ ಬಂದು ನೋಡಿ ನಕ್ಕ. "ಅತ್ತಿಗೆ, ಬೇರೆ ಬ್ಯಾಟರಿ ಹಾಕ್ಸಿ. ಅಂಗಡೀಲಿ ಒಂದರ್ಧ ಗಂಟೆ ಕೆಲಸ."

"ಆ ಅರ್ಧ ಗಂಟೇಲೇ ಕರೆ ಬಂದ್ರೆ?"

"ಹಾಗಾದ್ರೆ ಸಿಮ್ ತೆಗ್ದು ಅಣ್ಣನ ಫೋನಿಗೆ ಹಾಕಿ. ಒಂದು ನಿಮಿಷ."

"ಆ ಒಂದು ನಿಮಿಷದಲ್ಲಿ ಬಂದ್ರೆ?"

"ಹೋಗ್ಲಿ, ಕಾಲ್ ಫಾರ್ವರ್ಡ್ ಮಾಡ್ಕೊಡ್ಲಾ?"

ಫಾರ್ವರ್ಡ್ ಆಗುವ ದಾರಿಯಲ್ಲಿ ಕರೆ ಎಲ್ಲಾದರೂ ಬಿದ್ದುಹೋದರೆ ಯಾರು ಹೊಣೆ? ಅವನು ಕೈಮುಗಿದು ತನ್ನ ಪವರ್ ಬ್ಯಾಂಕ್ ಕೊಟ್ಟು ಹೋದ. ಒಳ್ಳೆಯ ಹುಡುಗ, ಆದರೆ ಎಲ್ಲವನ್ನೂ ಹಗುರ ಮಾಡುತ್ತಾನೆ.

ಏಪ್ರಿಲ್ 5

ಹೋಗಿ ಬಂದೆವು. ಕಾಲು ನೋಯುತ್ತಿದೆ, ಆದರೂ ಇದನ್ನು ಬರೆಯಲೇಬೇಕು. ನಾನು ಗೆದ್ದೆ.

ಗೇಟಿನ ಹತ್ತಿರ ಚೀಲ ತಪಾಸಣೆ. ನನ್ನ ಚೀಲದಲ್ಲಿ ಎರಡು ಚಾರ್ಜರ್, ಮೂರು ತಂತಿ, ಪವರ್ ಬ್ಯಾಂಕ್. ಕಾವಲಿನವನು ಕೇಳಿದ, "ಏನಮ್ಮ, ಅಂಗಡಿ ಇಡೋಕೆ ಬಂದ್ರಾ?" ಇವರು ಹಲ್ಲು ಕಿರಿದರು. ನಾನು ನಗಲಿಲ್ಲ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ತೂಗುಹಾಕಿಕೊಂಡು ಪವರ್ ಬ್ಯಾಂಕಿನ ತಂತಿ ಚುಚ್ಚಿಕೊಂಡೇ ನಡೆದೆ. ಗುಬ್ಬಿ ಮೊದಲು ಸುತ್ತುವ ಬಟ್ಟಲಿಗೆ ಓಡಿದಳು, ಆಮೇಲೆ ದೋಣಿಗೆ. ಎಲ್ಲದಕ್ಕೂ ಸಾಲು. ಬಿಸಿಲೆಂದರೆ ಬಿಸಿಲು.

ಎರಡನೆಯ ಸಾಲಿನಲ್ಲೇ ಎಡವಟ್ಟಾಯಿತು. ಫೋನ್ ಕಾವಲಿಯಂತೆ ಕಾದು, ಬಿಸಿಯಾಗಿರುವುದರಿಂದ ಚಾರ್ಜ್ ನಿಲ್ಲಿಸಲಾಗಿದೆ ಎಂದು ತೋರಿಸಿತು. ತಂತಿ ಚುಚ್ಚಿದೆ, ಪವರ್ ಬ್ಯಾಂಕ್ ತುಂಬಿದೆ, ಆದರೂ ಅದು ತೆಗೆದುಕೊಳ್ಳುವುದಿಲ್ಲ! ಬಾಯಿಯ ಹತ್ತಿರ ತುತ್ತು ಹಿಡಿದರೂ ತಿನ್ನದ ಮಗುವಿನಂತೆ ಹಟ. ಸೆರಗಿನಿಂದ ಗಾಳಿ ಬೀಸಿದೆ. ಇವರಿಗೆ ಬಾಯಾರಿದಾಗ ಚೀಪಲೆಂದು ತಂದಿದ್ದ ಮಂಜುಗಡ್ಡೆಯ ಡಬ್ಬಿಗೆ ಫೋನನ್ನು ಒರಗಿಸಿ ಹಿಡಿದೆ. ಇವರಿಗೆ ದಿನಕ್ಕೆ ಅಳತೆಯ ನೀರು ಮಾತ್ರ, ಅದಕ್ಕೇ ಮಂಜುಗಡ್ಡೆ. ಇವರು ನೋಡುತ್ತಾ ನಿಂತು ಹೇಳಿದರು, "ನಂಗೊಂದು ತುಂಡು ಉಳಿಸೇ ತಾಯಿ." ಅಷ್ಟರಲ್ಲಿ ಅರ್ಧ ಕರಗಿತ್ತು.

ಚಾರ್ಜ್ ಇಪ್ಪತ್ತಕ್ಕಿಳಿದಾಗ ಸಾಲು ಬಿಟ್ಟು ಪ್ಲಗ್ ಹುಡುಕುತ್ತಾ ಹೊರಟೆ. ಕೊನೆಗೆ ಜೈಂಟ್ ವೀಲಿನ ಎದುರು ಮೊಬೈಲ್ ಚಾರ್ಜಿಂಗ್ ಕೌಂಟರು ಸಿಕ್ಕಿತು. ಸಾಲಾಗಿ ಪುಟ್ಟ ಪುಟ್ಟ ಪೆಟ್ಟಿಗೆಗಳು, ಒಳಗೆ ತಂತಿ, ಹೊರಗೆ ಬೀಗ. ಕೌಂಟರಿನಾಕೆ ಫೋನ್ ಒಳಗಿಟ್ಟು ಬಾಗಿಲು ಮುಚ್ಚಲು ಹೋದಳು.

"ಮುಚ್ಬೇಡಿ! ಒಳಗೆ ರಿಂಗಾದ್ರೆ ನಂಗೆ ಕೇಳ್ಸಲ್ಲ."

"ಬಾಗ್ಲು ತೆಗ್ದಿಟ್ರೆ ಕಳ್ಳತನಕ್ಕೆ ನಾವು ಜವಾಬ್ದಾರಿ ಅಲ್ಲಮ್ಮ."

"ನಾನು ಇಲ್ಲೇ ಇರ್ತೀನಿ."

"ಎಷ್ಟು ಹೊತ್ತು ಇರ್ತೀರಾ? ಒಳಗೆ ಬಂದಿರೋದು ಆಟ ಆಡೋಕಲ್ವಾ?"

ಅವಳಿಗೆ ವಿಷಯ ಹೇಳಿದೆ. ಅವಳು ಬಾಗಿಲು ಮುಚ್ಚದೆ ತನ್ನ ಸ್ಟೂಲ್ ಎಳೆದು ಕೊಟ್ಟಳು. ಆಮೇಲೆ ಸಂಜೆಯವರೆಗೆ ನಾನು ಆ ಸ್ಟೂಲು ಬಿಟ್ಟು ಏಳಲಿಲ್ಲ. ಕಿವಿ ಪೆಟ್ಟಿಗೆಯ ಕಡೆಗೆ. ಗುಬ್ಬಿ ಒಂದೊಂದು ಆಟ ಮುಗಿಸಿದಾಗಲೂ ಓಡಿ ಬಂದು ವರದಿ ಒಪ್ಪಿಸುತ್ತಿದ್ದಳು. "ಅಮ್ಮಾ, ನೀರಿನ ಜಾರುಬಂಡೆ! ಬಾ ಅಮ್ಮಾ, ಒಂದೇ ಒಂದು." ನಾನು ಪೆಟ್ಟಿಗೆ ತೋರಿಸಿದೆ. ಎರಡು ಮೂರು ಸಲ ಆದ ಮೇಲೆ ಅವಳು ಕರೆಯುವುದನ್ನು ಬಿಟ್ಟಳು. ಹುಡುಗಿ ಅರ್ಥ ಮಾಡಿಕೊಂಡಳು.

ಸಂಜೆ ಅಪ್ಪ ಮಗಳು ಜೈಂಟ್ ವೀಲ್ ಹತ್ತಿದರು. ಅದು ಮೆಲ್ಲಗೆ ತಿರುಗುವಂಥದ್ದು, ಇವರಿಗೂ ಆಗುತ್ತದೆ. ಅವರು ಮೇಲೆ ಹೋಗುತ್ತಿದ್ದಂತೆ ಪೆಟ್ಟಿಗೆಯೊಳಗೆ ಫೋನ್ ರಿಂಗಾಯಿತು. ತಿಂಗಳುಗಟ್ಟಲೆ ರಿಂಗಾಗದ ಫೋನು! ನಾನು ದಡಕ್ಕನೆ ಎದ್ದೆ. ಸ್ಟೂಲು ಉರುಳಿತು. ಕೌಂಟರಿನಾಕೆಯೂ ಎದ್ದು ನಿಂತಳು. ಎತ್ತಿ "ಹಲೋ ಮೇಡಂ" ಎಂದೆ.

"ಮೇಡಂ ಅಲ್ಲ ಕಣೇ, ನಾನು. ಮೇಲೆ ನೋಡು."

ಇವರು! ನನಗೆ ಎಲ್ಲಿಂದ ಸಿಟ್ಟು ಬಂತೋ. "ಬುದ್ಧಿ ಇದೆಯೇನ್ರೀ ನಿಮಗೆ? ಈ ನಂಬರಿಗೆ ಯಾಕೆ ಮಾಡಿದ್ರಿ? ಲೈನ್ ಬ್ಯುಸಿ ಆಗುತ್ತೆ, ಇಡಿ!" ಎಂದು ಕಿರುಚಿ ಕಟ್ ಮಾಡಿದೆ. ಜನ ತಿರುಗಿ ನೋಡಿದರು. ತಕ್ಷಣ ಮತ್ತೆ ತಂತಿ ಚುಚ್ಚಿ, ಆ ಅರ್ಧ ನಿಮಿಷದಲ್ಲಿ ಬೇರೆ ಕರೆ ಬಂದಿತ್ತೇ ಎಂದು ನೋಡಿದೆ. ಬಂದಿರಲಿಲ್ಲ.

ಅವರು ಇಳಿದು ಬಂದ ಮೇಲೆ ಹೊರಟೆವು. ಬಸ್ಸಿನಲ್ಲಿ ಗುಬ್ಬಿ ನಿದ್ದೆ ಹೋದಳು, ಇವರ ತೊಡೆಯ ಮೇಲೆ.

ಮನೆ ತಲುಪಿದಾಗ ಚಾರ್ಜ್ ಎಂಬತ್ತೊಂಬತ್ತು. ಇಡೀ ದಿನ ಬಯಲಲ್ಲಿದ್ದು ಎಂಬತ್ತೊಂಬತ್ತು! ಯಾರ ಕೈಲಾದೀತು?

ಏಪ್ರಿಲ್ 7

ಮೈದುನ ಬಂದು "ಪಾರ್ಕ್ ಹೇಗಿತ್ತು ಗುಬ್ಬಿ, ಯಾರ್ಯಾರು ಹೋಗಿದ್ರಿ?" ಎಂದ. "ಅಪ್ಪ, ನಾನು" ಎಂದಳು. "ಅಮ್ಮ?" ಎಂದ. ಅವಳು ಸ್ವಲ್ಪ ಯೋಚಿಸಿ, "ಅಮ್ಮ ಫೋನ್ ಹತ್ರ ಹೋಗಿದ್ರು" ಎಂದಳು. ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೇಲಿನಿಂದ ತೆಗೆದ ಫೋಟೊ ಇವರ ಫೋನಿನಲ್ಲಿದೆ. ಮರಗಳ ನಡುವೆ ಕೌಂಟರಿನ ನೀಲಿ ತಗಡು, ಪಕ್ಕದಲ್ಲಿ ಒಂದು ಚುಕ್ಕಿ. ದೊಡ್ಡದು ಮಾಡಿ ನೋಡಿದರೆ ನನ್ನ ನೆತ್ತಿ. ಬೈತಲೆ ಇಷ್ಟು ಅಗಲವಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಚಾರ್ಜ್ ಎಂಬತ್ತು.

ಏಪ್ರಿಲ್ 24

ಇವತ್ತು ಡಯಾಲಿಸಿಸ್ ಅರ್ಧದಲ್ಲಿ ಇವರ ರಕ್ತದೊತ್ತಡ ಬಿದ್ದುಹೋಯಿತು. ಕಣ್ಣು ಮೇಲೆ ಸಿಕ್ಕಿಕೊಂಡಿತು. ನರ್ಸುಗಳು ಓಡಿ ಬಂದರು, ಮಂಚದ ಕಾಲಿನ ಕಡೆ ಎತ್ತಿದರು, ಏನೋ ಕೊಟ್ಟರು. ನನ್ನನ್ನು ಪರದೆಯ ಆಚೆ ನಿಲ್ಲಿಸಿದರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಆಸ್ಪತ್ರೆಯೊಳಗೇ ನಿಂತು ಆಸ್ಪತ್ರೆಯ ಕರೆಗೆ ಕಾಯುತ್ತಿದ್ದೇನಲ್ಲ ಎನ್ನಿಸಿತು.

ಎಚ್ಚರವಾದ ಮೇಲೆ ಒಳಗೆ ಬಿಟ್ಟರು. ಬಾಯಿ ಒಣಗಿತ್ತು, ತುಟಿಗೆ ಒದ್ದೆ ಹತ್ತಿ ಸವರಿದೆ. ಏನು ಮಾತಾಡುವುದೋ ತೋಚದೆ ಕೇಳಿದೆ, "ಅವತ್ತು ಯಾಕ್ರೀ ಫೋನ್ ಮಾಡಿದ್ರಿ, ಮೇಲಿಂದ?"

"ಸುಮ್ನೆ. ಎಲ್ಲಾ ಚಿಕ್ಕದಾಗಿ ಕಾಣ್ತಿತ್ತು. ನೀನು ತಲೆ ತಗ್ಗಿಸ್ಕೊಂಡು ಕೂತಿದ್ದೆ. ತಲೆ ಎತ್ತಿದ್ರೆ ಕೈ ಬೀಸೋಣ ಅಂತ."

ಮದುವೆಗೆ ಮುಂಚೆ ಇವರು ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದರು, ಹಗ್ಗದ ತೊಟ್ಟಿಲಲ್ಲಿ ಕೂತು. ನಾನು ಕೆಳಗೆ ಅಂಗಡಿಯ ಮೆಟ್ಟಿಲ ಪಕ್ಕ ಮೆಷಿನ್ ಇಟ್ಟುಕೊಂಡಿದ್ದೆ, ನನಗಾಗ ಹದಿನೆಂಟೋ ಹತ್ತೊಂಬತ್ತೋ ವಯಸ್ಸು. "ಓ ಟೇಲರಮ್ಮಾ, ಮೇಲೆ ನೋಡಿ, ಬಣ್ಣ ಬೀಳುತ್ತೆ" ಎಂದು ಕೂಗುತ್ತಿದ್ದರು. ಬಣ್ಣವೂ ಇಲ್ಲ ಏನೂ ಇಲ್ಲ. ನೋಡಿದರೆ ಆಕಾಶದಿಂದ ಹಲ್ಲು ಕಿರಿಯುತ್ತಿದ್ದರು. ಎಷ್ಟು ಸಲ ಮೋಸ ಹೋದೆನೋ, ಪ್ರತಿ ಸಲವೂ ನೋಡುತ್ತಿದ್ದೆ.

ಬರುವಾಗ ಬಸ್ಸಿನಲ್ಲಿ ಇವರ ಎಡಗೈ ನನ್ನ ತೊಡೆಯ ಮೇಲಿತ್ತು. ಗುಂಯ್ ಎನ್ನುತ್ತಿತ್ತು. ಮನೆಯವರೆಗೂ ಹಿಡಿದುಕೊಂಡೇ ಬಂದೆ.

ಮೇ 11

ಬಂತು.

ಬೆಳಿಗ್ಗೆ ಹಾಲು ಒಲೆಯ ಮೇಲಿತ್ತು. ಮೊದಲ ರಿಂಗು ಮುಗಿಯುವ ಮುಂಚೆ ಎತ್ತಿದೆ. ಮೇಡಂ ಹೇಳಿದರು, "ಒಂದು ಕಿಡ್ನಿ ಬಂದಿದೆ. ನಿಮಗಿಂತ ಮುಂದೆ ಒಬ್ರಿದಾರೆ. ಅವ್ರಿಗೆ ಹೊಂದ್ಲಿಲ್ಲ ಅಂದ್ರೆ ನಿಮ್ಮವ್ರಿಗೆ. ಹೊಟ್ಟೆಗೇನೂ ಕೊಡ್ದೆ ಕರ್ಕೊಂಡು ಬನ್ನಿ." ಹಾಲು ಉಕ್ಕಿ ಒಲೆ ಆರಿತ್ತು. ಗುಬ್ಬಿಯನ್ನು ಮೈದುನನ ಹತ್ತಿರ ಬಿಟ್ಟು ಓಡಿದೆವು.

ಇವರನ್ನು ಒಳಗೆ ಕರೆದುಕೊಂಡರು. ಹೊರಗಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಳು, ಇಸ್ತ್ರಿ ಅಂಗಡಿಯವಳು. ಆ ಮೊದಲನೆಯವನು ಅವಳ ಮಗ. ಒಂದೇ ಬೆಂಚಿನ ಮೇಲೆ ನಾವಿಬ್ಬರೂ ಒಂದೇ ಬಾಗಿಲು ನೋಡುತ್ತಾ ಕೂತೆವು. ಅವಳಿಗೆ ಆಗದಿರಲಿ ಎಂದು ನಾನು ಬೇಡಿಕೊಳ್ಳಬೇಕು, ನನಗೆ ಆಗದಿರಲಿ ಎಂದು ಅವಳು. ಎಂಥ ದರಿದ್ರ ಬೆಂಚು! ಆ ಕಿಡ್ನಿ ಬಿಟ್ಟು ಹೋದವರ ಮನೆಯಲ್ಲಿ ಆ ಹೊತ್ತಿಗೆ ಅಳುತ್ತಿರುತ್ತಾರೆ ಎಂಬುದೂ ನೆನಪಾಯಿತು, ಇಷ್ಟು ತಿಂಗಳಲ್ಲಿ ಮೊದಲ ಸಲ.

ಸುಮ್ಮನಿರಲಾರದೆ ಕೇಳಿದೆ, "ನಿಮ್ಮನೇಲಿ ಫೋನ್ ಯಾರು ಎತ್ತಿದ್ರಜ್ಜಿ?"

"ನಮ್ಮನೇಲಿ ಫೋನ್ ಎಲ್ಲಿದೆ ತಾಯಿ? ಇದ್ದಿದ್ದು ಕೆಟ್ಟು ಎಷ್ಟೋ ದಿನ ಆಯ್ತು. ಕೆಳಗಡೆ ಸೈಕಲ್ ಅಂಗಡಿಯವ್ರ ನಂಬರ್ ಬರೆಸಿದ್ವಿ. ಅವ್ರು ಬಾಗ್ಲು ತೆಗೀತಿದ್ದಾಗ ಬಂತಂತೆ, ಓಡಿ ಬಂದು ಹೇಳಿದ್ರು. ಪುಣ್ಯಾತ್ಮರು."

ನನಗೆ ನಗು ಬಂತು. ತಡೆಯಲು ಹೋದೆ, ಆಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಗು ಯಾವಾಗ ಅಳುವಾಯಿತೋ ಗೊತ್ತಿಲ್ಲ. ಅಜ್ಜಿ ನನ್ನ ಬೆನ್ನು ಸವರುತ್ತಾ ಕೂತಳು.

ಮಧ್ಯಾಹ್ನ ಮೇಡಂ ಬಂದು ಅಜ್ಜಿಯನ್ನು ಕರೆದರು. ಅವನಿಗೆ ಹೊಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದು, "ನಡಿಯೇ, ಹಸಿವು" ಎಂದರು.

ಮೇ 13

ತಂಗಿಗೆ ಫೋನ್ ಮಾಡಿದೆ, ಇದೇ ನಂಬರಿನಿಂದ. ಎತ್ತಿದವಳೇ "ಅಯ್ಯೋ, ಏನಾಯ್ತೇ, ಭಾವಂಗೇನಾಯ್ತು?" ಎಂದು ಅತ್ತೇಬಿಟ್ಟಳು. ಏನೂ ಇಲ್ಲ, ನಿನ್ನ ಅತ್ತೆ ಹೇಗಿದ್ದಾರೆ ಹೇಳು ಎಂದೆ. ಹೇಳಿದಳು. ಬಹಳ ಹೊತ್ತು ಹೇಳಿದಳು. ಅಷ್ಟು ತಿಂಗಳ ಬಾಕಿ ಇತ್ತಲ್ಲ.

ಮೇ 22

ಇವರು ಬಹಳ ಸೋತಿದ್ದಾರೆ. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ವೈದ್ಯರು ಹೃದಯದ ಮೇಲೂ ಭಾರ ಬೀಳುತ್ತಿದೆ, ಬೇಗ ಸಿಕ್ಕರೆ ಒಳ್ಳೆಯದು ಎಂದರು. ಸಿಕ್ಕರೆ! ಅಂಗಡಿಯಲ್ಲಿ ಸಿಗುವುದಾದರೆ ಮೆಷಿನ್ ಮಾರಿ ತರುತ್ತಿದ್ದೆ. ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ, ಗುಬ್ಬಿಗೆ ಕೇಳದ ಹಾಗೆ ನಲ್ಲಿ ಜೋರಾಗಿ ಬಿಟ್ಟು.

ಆಸ್ಪತ್ರೆಯಲ್ಲಿ ಮೇಡಂಗೆ ಹೇಳಿ ಇವರ ನಂಬರನ್ನೂ ಬರೆಸಿ ಬಂದೆ. "ಮೊದಲನೆಯದಾಗಿ ಇದನ್ನೇ ಹಾಕ್ಕೊಳ್ಳಿ" ಎಂದೆ. ಇವರು ಬೆರಗಾಗಿ ನೋಡಿದರು. "ನಾನು ಬಸ್ಸಲ್ಲಿ ಬಿಟ್ಟು ಬಂದ್ರೆ?" "ನಿಮ್ಮನ್ನೂ ಅಲ್ಲೇ ಬಿಟ್ಟು ಬರ್ತೀನಿ."

ಮೇ 30

ಮತ್ತೆ ಪಾರ್ಕಿಗೆ ಹೋಗಿದ್ದೆವು. ನಾನೇ ಹೊರಡಿಸಿದೆ. ಶಾಲೆ ಶುರುವಾದರೆ ಆಗುವುದಿಲ್ಲ, ಇವರಿಗೂ ಮುಂದೆ ಹೇಗೋ ಏನೋ. ಹೊರಡುವ ಗಡಿಬಿಡಿಯಲ್ಲಿ ನನ್ನ ಫೋನ್ ಚಾರ್ಜಿಗೆ ಹಾಕಿದ್ದೆನೋ ಇಲ್ಲವೋ.

ಗೇಟಿನಲ್ಲೇ ಗಾಲಿಕುರ್ಚಿ ಕೇಳಿ ಪಡೆದೆವು. "ನನ್ನ ಮೊದಲನೇ ಆಟ ಇದೇ" ಎಂದು ಇವರು ಕೂತರು. ಗುಬ್ಬಿ ತಳ್ಳಿದಳು. ನಾನು ಅವಳೊಂದಿಗೆ ಸುತ್ತುವ ಬಟ್ಟಲಲ್ಲಿ ಕೂತೆ, ಇಳಿದ ಮೇಲೆ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ನೀರಿನ ಜಾರುಬಂಡೆಯಲ್ಲಿ ಕಿರುಚಿದ ಕಿರುಚಾಟಕ್ಕೆ ಗಂಟಲು ಈಗಲೂ ಕಟ್ಟಿದೆ. ಇವರ ಮಂಜುಗಡ್ಡೆಯನ್ನು ಇವರೇ ಪೂರ್ತಿ ಚೀಪಿದರು.

ಕೌಂಟರಿನಾಕೆ ನೋಡಿದ ಕೂಡಲೇ ಗುರುತಿಸಿದಳು. "ಕರೆ ಬಂತಾ?" ಎಂದಳು. "ಬಂತು, ನಮಗಲ್ಲ" ಎಂದೆ. ಅವಳು ಇವರ ಫೋನನ್ನು ಪೆಟ್ಟಿಗೆಯೊಳಗಿಟ್ಟು ಬಾಗಿಲು ತೆರೆದೇ ಬಿಟ್ಟಳು. ಇವರು ಗಾಲಿಕುರ್ಚಿಯನ್ನು ಪೆಟ್ಟಿಗೆಯ ಪಕ್ಕ ನಿಲ್ಲಿಸಿಕೊಂಡು, "ಇವತ್ತು ಕಾವಲು ನಂದು, ನೀವು ಹೋಗಿ ಬನ್ನಿ" ಎಂದರು.

ಜೈಂಟ್ ವೀಲ್ ಮೇಲೆ ಹೋಗುತ್ತಾ ಹೋಗುತ್ತಾ ನಾನು ಕಣ್ಣು ಮುಚ್ಚಿಕೊಂಡೆ. ಗುಬ್ಬಿ ಕೈ ಹಿಡಿದುಕೊಂಡು ಧೈರ್ಯ ಹೇಳಿದಳು. ತುತ್ತತುದಿಯಲ್ಲಿ ಅದು ನಿಂತಿತು, ಕೆಳಗೆ ಜನ ಹತ್ತಿಸಿಕೊಳ್ಳಲು. ನೀಲಿ ತಗಡು ಕಂಡಿತು. ಪಕ್ಕದಲ್ಲಿ ಇವರು, ಮಡಿಲಲ್ಲಿ ಕೈ ಇಟ್ಟುಕೊಂಡು ಪೆಟ್ಟಿಗೆಯನ್ನೇ ನೋಡುತ್ತಾ, ತಲೆ ತಗ್ಗಿಸಿ. ಎಷ್ಟು ಸಣ್ಣಗಾಗಿದ್ದಾರೆ! ಮನೆಯಲ್ಲಿ ಎದುರೇ ಇರುವಾಗ ನನಗೆ ಅದು ಕಂಡಿರಲಿಲ್ಲ.

ನಾನು ಫೋನ್ ಮಾಡಿದೆ. ಕೆಳಗೆ ಅವರು ಬೆಚ್ಚಿದ್ದು ಮೇಲಿನಿಂದಲೇ ಕಂಡಿತು. ತಂತಿ ಸಮೇತ ಕಿತ್ತು ಕಿವಿಗೆ ಹಿಡಿದರು. "ಹಲೋ ಮೇಡಂ?"

"ಮೇಡಂ ಅಲ್ಲ ರೀ, ಟೇಲರಮ್ಮ. ಮೇಲೆ ನೋಡಿ."

ನೋಡಿದರು. ಗುಬ್ಬಿ ಎರಡೂ ಕೈ ಬೀಸಿದಳು. ನಾನೂ ಬೀಸಿದೆ. ಇವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹಲ್ಲು ಕಿರಿದರು.

"ಬುದ್ಧಿ ಇದೆಯೇನೇ ನಿಂಗೆ? ನಿಂದೂ ನಂದೂ ಎರಡೂ ಲೈನ್ ಬ್ಯುಸಿ ಆಯ್ತು."

"ಆಗ್ಲಿ ಬಿಡಿ. ಇಡ್ಬೇಡಿ."

ಇಡಲಿಲ್ಲ. ಮೇಲಿನಿಂದ ಏನೇನು ಕಾಣುತ್ತದೆ ಎಂದು ಕೇಳಿದರು, ಹೇಳಿದೆ. ತಗಡಿನ ಬಣ್ಣ ಎಲ್ಲೆಲ್ಲಿ ಎದ್ದಿದೆ ನೋಡು, ಯಾರೋ ಅಡಿಬಣ್ಣದ ಅಸ್ತರಿ ಹಾಕದೆ ಬಳಿದಿದ್ದಾರೆ ಎಂದು ಬೈದರು. ಆಮೇಲೆ ದನಿ ಸಣ್ಣದು ಮಾಡಿ, "ನೋಡು, ಒಂದು ವೇಳೆ ನಾನು" ಎಂದರು. ಅಷ್ಟರಲ್ಲಿ ನನ್ನ ಫೋನ್ ಸತ್ತುಹೋಯಿತು.

ಇವರಿಗೆ ಗೊತ್ತಾಗಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಮೇಲೆ ನೋಡುತ್ತಾ ಮಾತಾಡುತ್ತಲೇ ಇದ್ದರು. ತುಟಿ ಆಡುವುದು ಅಷ್ಟು ದೂರಕ್ಕೆ ಕಾಣುವುದಿಲ್ಲ, ಆದರೆ ಮಾತಾಡುವಾಗ ಇವರು ಎಡಗೈ ಆಡಿಸುತ್ತಾರೆ, ಅದು ಕಾಣುತ್ತಿತ್ತು. ನಾನೂ ಸತ್ತ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅಲ್ಲಲ್ಲಿ ಹೂಂ ಎಂದು ತಲೆ ಆಡಿಸಿದೆ. ನಮ್ಮ ತೊಟ್ಟಿಲು ಕೆಳಗೆ ಬರುವವರೆಗೂ ಹೇಳುತ್ತಿದ್ದರು.

ಇಳಿದ ಮೇಲೆ "ಕೇಳಿಸ್ತು ತಾನೆ?" ಎಂದರು.

"ಕೇಳಿಸ್ತು" ಎಂದೆ.

ಸಮಾಧಾನವಾದವರ ಹಾಗೆ ಕುರ್ಚಿಗೆ ಒರಗಿದರು. ಗುಬ್ಬಿ ಕುರ್ಚಿ ತಳ್ಳಿದಳು, ನಾನು ಪಕ್ಕದಲ್ಲಿ ಇವರ ಕೈ ಹಿಡಿದುಕೊಂಡು ನಡೆದೆ.